ಎಲೆಬಳ್ಳಿಗೆ ಸಂಗೀತ ಪಾಠ

"ಎಲಿಬಳ್ಳೀನ ಬರೇ ಹಾಡಿ ಹಾಡಿ ಮಾಳಿಗಿ ಜಂತಿಗೆ ಮುಟ್ಟಸ್ತೇನಿ. ಮುಟ್ಟಲಿಲ್ಲಂದ್ರ ನನ್ನ ಹೆಸರು ನೀಲಕಂಠಪ್ಪ ಅಲ್ಲ!"

ಧಾರವಾಡದ ಅರಳೆ ವ್ಯಾಪಾರಿ ನೀಲಕಂಠಪ್ಪನವರು ಈ ಭೀಷ್ಮ ಪ್ರತಿಜ್ಞೆ ಮಾಡಿದ್ದು ಊಟಕ್ಕೆ ಕೂತಾಗ, ಕೈಯಲ್ಲಿ ಅರ್ಧ ರೊಟ್ಟಿ ಹಿಡಿದುಕೊಂಡು. ಹೆಂಡತಿ ಶಿವಬಸವ್ವ ತಲೆ ಎತ್ತಲಿಲ್ಲ.

"ಮೊದಲ ಉಣ್ರಿ. ಪಲ್ಯಾ ಆರಾಕತ್ತೈತಿ."

ಇಷ್ಟಕ್ಕೆಲ್ಲ ಕಾರಣ ಒಂದು ವೃತ್ತಪತ್ರಿಕೆ. ಪರದೇಶದ ಯಾರೋ ಪಂಡಿತ ಗಿಡಗಳಿಗೆ ದಿನಾ ಪಿಟೀಲು ಕೇಳಿಸಿ ಎರಡು ಪಟ್ಟು ಬೆಳೆಸಿದನಂತೆ ಎಂದು ಅದರ ಮೂಲೆಯಲ್ಲಿ ನಾಲ್ಕು ಸಾಲು ಅಚ್ಚಾಗಿತ್ತು. ಓದಿದ ನೀಲಕಂಠಪ್ಪನವರ ಎದೆ ಹಿಗ್ಗಿತು. ಅವರಿಗೆ ಹಾಡುವ ಹುಚ್ಚು ಚಿಕ್ಕಂದಿನಿಂದಲೂ ಇತ್ತು, ಇಲ್ಲದಿದ್ದದ್ದು ಕೇಳುವವರು. ಅಮೀನಸಾಬನ ಅಂಗಡಿಯಿಂದ ಹಾರ್ಮೋನಿಯಂ ಪೇಟಿ ತಂದು ಆರು ವರ್ಷವಾಗಿತ್ತು. ಅವರು ಪೇಟಿ ತೆಗೆದರೆಂದರೆ ಬೆಕ್ಕು ಮಾಳಿಗೆ ಏರುತ್ತಿತ್ತು, ಎಮ್ಮೆ ಹಾಲು ಏರಿಸಿಕೊಳ್ಳುತ್ತಿತ್ತು, ಬಂದ ನೆಂಟರಿಗೆ ಮರೆತ ಕೆಲಸ ನೆನಪಾಗುತ್ತಿತ್ತು. ನಲವತ್ತಾರು ವರ್ಷದ ಆಯುಷ್ಯದಲ್ಲಿ ಒಬ್ಬರಾದರೂ ಬಾಯಿಬಿಟ್ಟು "ಒಂದು ಹಾಡು ಹಾಡ್ರಿ" ಅಂದಿರಲಿಲ್ಲ. ಆ ಒಂದು ಮಾತು ಕೇಳಬೇಕೆಂಬ ಆಸೆ ಅವರನ್ನು ಒಳಗೊಳಗೇ ಸುಡುತ್ತಿತ್ತು. ಗಿಡವಾದರೆ ನಡುವೆ ಎದ್ದು ಹೋಗುವ ಹಾಗಿಲ್ಲವಲ್ಲ!

ಕೈ ತೊಳೆದುಕೊಂಡು ಅವರು ಕರಾರು ಮಂಡಿಸಿದರು. "ಶ್ರಾವಣದ ಮೊದಲನೇ ಸೋಮವಾರದೊಳಗ ನನ್ನ ಬಳ್ಳಿ ಜಂತಿ ಮುಟ್ಟಬೇಕು. ಅವತ್ತ ಓಣಿ ಮಂದೀನ್ನೆಲ್ಲಾ ಕರದು ಪಡಸಾಲ್ಯಾಗ ಕಚೇರಿ ಮಾಡ್ತೇನಿ. ನೀ ಒಲ್ಲೆ ಅನ್ನಬಾರದು."

"ಮುಟ್ಟಲಿಲ್ಲಂದ್ರ?"

"ಪೇಟಿ ಅಮೀನಸಾಬಗ ವಾಪಸ್."

ಶಿವಬಸವ್ವ ಈಗ ತಲೆ ಎತ್ತಿದಳು. "ಅತ್ತಿಯವರ, ಕೇಳಿದ್ರಿಲ್ಲೋ? ನೀವ ಸಾಕ್ಷಿ."

"ಕೇಳಿದೆನವ್ವಾ" ಎಂದಳು ನೀಲಕಂಠಪ್ಪನವರ ತಾಯಿ ಮುರಿಗೆವ್ವ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ.

ಮಾರನೆಯ ದಿನವೇ ಪಡಸಾಲೆಯಲ್ಲಿ, ದೇವರ ಕೋಣೆಯ ಬಾಗಿಲ ಪಕ್ಕಕ್ಕೆ, ವೀಳ್ಯದ ಎಲೆಬಳ್ಳಿಯ ಗಡಿಗೆ ಪ್ರತಿಷ್ಠಾಪನೆಯಾಯಿತು. "ಇದಕ್ಕ ಯಾರೂ ಕೈ ಹಚ್ಚಬಾರದು. ಇದರ ಯೋಗಕ್ಷೇಮ ಎಲ್ಲಾ ನಂದು" ಎಂದು ಫರ್ಮಾನು ಹೊರಟಿತು. ಬೆಳಿಗ್ಗೆ ಒಂದು ರಾಗ, ಸಂಜೆ ಒಂದು ತಾಸು ಇನ್ನೊಂದು ರಾಗ. ಹೀಗೆ ಯೋಗಕ್ಷೇಮ ನಡೆಯಿತು. ನೀರು ಎಂಬ ಪದಾರ್ಥ ಮಾತ್ರ ಅವರ ತಲೆಗೆ ಹೊಳೆಯಲಿಲ್ಲ. ಆ ಪತ್ರಿಕೆಯ ನಾಲ್ಕು ಸಾಲಿನಲ್ಲಿ ನೀರಿನ ಸುದ್ದಿಯೇ ಇರಲಿಲ್ಲ, ಅವರಾದರೂ ಏನು ಮಾಡಬೇಕು?

ಆದರೂ ಬಳ್ಳಿ ಬೆಳೆಯಿತು. ಬೆಳೆಯಿತು ಅಂದರೆ ಸುಮ್ಮನೆ ಅಲ್ಲ, ಅಂಗೈ ಅಗಲದ ಎಲೆ ಬಿಟ್ಟು, ಕಂಬ ತಬ್ಬಿಕೊಂಡು, ಎರಡು ತಿಂಗಳಲ್ಲಿ ಆಳೆತ್ತರ ದಾಟಿತು. ನೀಲಕಂಠಪ್ಪನವರ ಮೀಸೆಯೂ ಅದರ ಜೊತೆ ಮೇಲಕ್ಕೇರಿತು. ಅಂಗಡಿಯಲ್ಲಿ ಅರಳೆಯ ದರ ಕೇಳಿದವರಿಗೆ ಭೈರವಿಗೆ ಎಷ್ಟು ಎಲೆ ಬಂದವು, ಕಲ್ಯಾಣಿಗೆ ಎಷ್ಟು ಎಂದು ಹೇಳತೊಡಗಿದರು.

ಓಣಿಯಲ್ಲಿ ಸುದ್ದಿಯಾಯಿತು. ಎದುರು ಮನೆಯ ಮದೀನಾಬಿ ಸೊರಗಿದ ಮದರಂಗಿ ಗಿಡವನ್ನು ಹೊತ್ತು ತಂದಳು.

"ಸಾವ್ಕಾರ್ರ, ಇದನ್ನೂ ನಿಮ್ಮ ಕಟ್ಟಿ ಮ್ಯಾಲ ಇಟ್ಟು ಹೋಗ್ತೇನ್ರಿ."

"ಇಡವಾ, ಇಡು. ನೀನೂ ಕೂಡು, ಈಗ ಶುರು ಮಾಡಾಂವ ಇದ್ದೆ."

"ಒಲಿ ಮ್ಯಾಲ ಹಾಲು ಇಟ್ಟು ಬಂದೇನ್ರಿ" ಎಂದವಳೇ ಓಡಿದಳು. ಪಕ್ಕದ ಮನೆಯ ಕಸ್ತೂರೆವ್ವ ಕರಿಬೇವು ತಂದಿಟ್ಟಳು. ಅವಳ ಒಲೆಯ ಮೇಲೂ ಹಾಲಿತ್ತು. ವಾರದಲ್ಲಿ ಕಟ್ಟೆಯ ಮೇಲೆ ಹನ್ನೊಂದು ಗಿಡಗಳಾದವು, ಹನ್ನೊಂದು ಮನೆಯಲ್ಲಿ ಹಾಲು ಒಲೆಯ ಮೇಲಿತ್ತು.

ಶಿವಬಸವ್ವನೂ ಆ ವರ್ಷ ಖುಷಿಯಲ್ಲೇ ಇದ್ದಳು. ಪ್ರತಿ ಸಲ ಹಿತ್ತಲ ಪೇರಲ ಹಣ್ಣನ್ನೆಲ್ಲ ಮಂಗಗಳು ತಿಂದು ಮುಗಿಸುತ್ತಿದ್ದವು, ಈ ಸಲ ಯಾಕೋ ಹಣ್ಣು ಉಳಿದಿದ್ದವು. ಗಿಡ ಇಡಲು ಬಂದವರಿಗೆಲ್ಲ ಎರಡೆರಡು ಪೇರಲ ಕೊಟ್ಟು ಕಳಿಸುತ್ತಿದ್ದಳು.

ಬಳ್ಳಿಗೂ ಜಂತಿಗೂ ಒಂದು ಗೇಣು ಉಳಿದಾಗ ಮುರಿಗೆವ್ವ ತಮ್ಮನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆಂದು ಮುಗದ ಊರಿಗೆ ಹೋಗಿ ಹದಿನೈದು ದಿನ ಉಳಿದಳು. ಇತ್ತ ಬಳ್ಳಿ ಮುನಿಸಿಕೊಂಡಿತು. ಎಲೆ ಜೋತುಬಿದ್ದವು, ತುದಿ ಬಾಗಿತು. ಕಟ್ಟೆಯ ಮೇಲೆ ಮಳೆಯಲ್ಲಿ ನೆನೆಯುತ್ತ ದೂರದಿಂದ ಹಾಡು ಕೇಳಿದ ಹನ್ನೊಂದು ಗಿಡಗಳು ನಳನಳಿಸುತ್ತಿದ್ದವು, ಮಗ್ಗುಲಲ್ಲೇ ಕೂತ ಪಟ್ಟಶಿಷ್ಯ ಮಾತ್ರ ಸಾಯುವ ಹಾಗಿತ್ತು. ಕಚೇರಿಗೆ ಓಣಿಗೆಲ್ಲ ಕರೆ ಕೊಟ್ಟಾಗಿತ್ತು. ನೀಲಕಂಠಪ್ಪನವರು ದನಿ ಏರಿಸಿದರು, ತಾಸು ಹೆಚ್ಚಿಸಿದರು, ಕೊನೆಗೆ ಮಳೆ ತರಿಸುವ ರಾಗವನ್ನೇ ಹಿಡಿದರು. ಹೊರಗೆ ಮಳೆ ಜೋರಾಯಿತು. ಒಳಗೆ ಗಡಿಗೆಗೆ ಒಂದು ಹನಿ ಬೀಳಲಿಲ್ಲ.

"ಇದಕ್ಕೇನಾಗೈತಿ?" ಎಂದು ಹೆಂಡತಿಯನ್ನು ಕೇಳಿದರು.

"ನನಗೇನ ಗೊತ್ರಿ? ಕೈ ಹಚ್ಚಬ್ಯಾಡ ಅಂದೀರಿ, ನಾ ಹಚ್ಚಿಲ್ಲ."

ಸೋಮವಾರ ಬಂದೇಬಿಟ್ಟಿತು. ಕಟ್ಟೆಯ ಮೇಲೆ ಗಿಡ ಇಟ್ಟ ದಾಕ್ಷಿಣ್ಯಕ್ಕೆ ಓಣಿಯವರೆಲ್ಲ ಬಂದು ಕೂತರು. ಕರಾರಿನ ಸುದ್ದಿ ತಿಳಿದು ಅಮೀನಸಾಬನೂ ಬಂದು ಬಾಗಿಲಲ್ಲಿ ನಿಂತ. "ಇವತ್ತಿನ ಹಾಡಿಗೆ ಬಳ್ಳಿ ಎದ್ದು ಜಂತಿ ಮುಟ್ಟತೈತಿ, ನೋಡ್ತಿರ್ರಿ" ಎಂದು ನೀಲಕಂಠಪ್ಪನವರು ಪೇಟಿಯ ಮೇಲೆ ಕೈ ಇಟ್ಟರು.

ಅಷ್ಟರಲ್ಲಿ ದೇವರ ಕೋಣೆಯ ಬಾಗಿಲು ತೆರೆಯಿತು. ಬೆಳಗಿನ ರೈಲಿಗೆ ಊರಿಂದ ಬಂದಿದ್ದ ಮುರಿಗೆವ್ವ ಲಿಂಗಪೂಜೆ ಮುಗಿಸಿ, ಬಟ್ಟಲು ಹಿಡಿದು ಹೊರಗೆ ಬಂದಳು. ಯಾರ ಮುಖವನ್ನೂ ನೋಡದೆ ಗಡಿಗೆಯತ್ತ ನಡೆದು ಬಟ್ಟಲನ್ನು ಬಗ್ಗಿಸಿದಳು.

"ಅಯ್ಯ, ಎಷ್ಟ ಬಾಡೇತಿ ನನ್ನ ಬಳ್ಳಿ. ನಾ ಇಲ್ಲದಾಗ ಒಬ್ಬರರ ನೀರು ಹಾಕಿಲ್ಲೇನು?"

ನೀಲಕಂಠಪ್ಪನವರ ಬಾಯಿ ತೆರೆದದ್ದು ತೆರೆದೇ ಇತ್ತು. "ಯವ್ವಾ, ಇದಕ್ಕ ನೀ ನೀರು ಹಾಕ್ತಿದ್ದೀ?"

"ಮತ್ತೇನ ಮಾಡ್ಲೊ ನೀಲ್ಯಾ? ಪೂಜಿ ನೀರು ಮಂದಿ ಕಾಲಾಗ ಬೀಳಬಾರದು. ಹಿತ್ತಲ ಬಿಲ್ಪತ್ರಿ ಗಿಡದ ತನಕ ಹೋಗೂಣಂದ್ರ ಮೊಣಕಾಲು ಕೇಳೂದಿಲ್ಲ. ಬಾಗಲದಾಗ ಇದು ಇತ್ತು, ದಿನಾ ಇದಕ್ಕ ಹಾಕಿದೆ."

"ಯಾರೂ ಕೈ ಹಚ್ಚಬಾರದು ಅಂದಿದ್ನಲ್ಲ."

"ನಾ ಎಲ್ಲಿ ಕೈ ಹಚ್ಚೀನಿ? ಬಟ್ಟಲಾ ಬಗ್ಗಿಸೀನಿ, ಅಷ್ಟ."

ಮೊದಲು ಮದೀನಾಬಿ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಇಡೀ ಪಡಸಾಲೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗುತ್ತಲೇ ಎಲ್ಲರೂ ತಂತಮ್ಮ ಗಿಡ ಎತ್ತಿಕೊಂಡು ಹೊರಟರು. ಕಚೇರಿ ಶುರುವಾಗುವ ಮೊದಲೇ ಮುಗಿಯಿತು.

ನೀಲಕಂಠಪ್ಪನವರು ಪೇಟಿಗೆ ಮುಸುಕು ಹಾಕಿ, ಎತ್ತಿ ಅಮೀನಸಾಬನ ಮುಂದೆ ಇಟ್ಟರು. ಅವರ ಕಣ್ಣು ತುಂಬಿದ್ದವು.

"ತಡೀರಿ" ಎಂದಳು ಶಿವಬಸವ್ವ. "ಪೇಟಿ ಮನ್ಯಾಗ ಇರಲಿ."

ಅವರಿಗೆ ಜೀವ ಬಂದ ಹಾಗಾಯಿತು. "ಅಂದ್ರ ನನ್ನ ಹಾಡು ನಿನಗ..."

"ನಾಳಿಂದ ಹಿತ್ತಲದಾಗ ಕುಂತು ಹಾಡ್ರಿ, ಪೇರಲ ಗಿಡದ ಬುಡಕ್ಕ. ನೀವು ದಿನಾ ಹಾಡಾಕ ಶುರು ಮಾಡಿ ಮೂರು ತಿಂಗಳಾತು, ಒಂದ ಮಂಗ್ಯಾ ಈ ಕಡಿ ಬಂದಿಲ್ಲ."

ಮಾರನೆಯ ಸಂಜೆ ಅವರು ಪೇರಲ ಗಿಡದ ಕೆಳಗೆ ಪೇಟಿ ಇಟ್ಟುಕೊಂಡು ಮುಖ ಸಣ್ಣ ಮಾಡಿ ಕೂತಿದ್ದರು. ಹಾಡುವ ಮನಸ್ಸೇ ಇರಲಿಲ್ಲ. ಆಗ ಪಕ್ಕದ ಗೋಡೆಯ ಮೇಲೆ ಕಸ್ತೂರೆವ್ವನ ತಲೆ ಕಾಣಿಸಿತು.

"ಅಣ್ಣಾರ, ಒಂದು ಹಾಡು ಹಾಡ್ರಿ."

ನಲವತ್ತಾರು ವರ್ಷ ಕಾದ ಮಾತು! ನೀಲಕಂಠಪ್ಪನವರು ನೆಟ್ಟಗೆ ಕೂತು ಪೇಟಿ ಹತ್ತಿರಕ್ಕೆ ಎಳೆದುಕೊಂಡರು. "ಯಾವುದು ಹಾಡ್ಲೆವಾ?"

"ಯಾವುದರ ಆಗಲಿ. ಸ್ವಲ್ಪ ನಮ್ಮ ಕಡಿ ಮುಖ ಮಾಡಿ ಹಾಡ್ರಿ. ನಿಮ್ಮ ಮನಿ ಮಂಗ್ಯಾಗೋಳು ಎಲ್ಲಾ ನಮ್ಮ ಗಿಡಕ್ಕ ಬಂದು ಕುಂತಾವ."

ನೀಲಕಂಠಪ್ಪನವರು ಪೇಟಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು.