ಜೋಳದ ಸಾಹೇಬರು ತಪ್ಪಿಸಿದ ನನ್ನ ಎರಡನೆಯ ಲಗ್ನ

ಹೈಬ್ರಿಡ್ ಜೋಳದ ಬೀಜೋತ್ಪಾದನೆಯ ಮಾನ್ಯ ಸಾಹೇಬರಾದ ತ್ರ್ಯಂಬಕರಾಯರ ಸನ್ನಿಧಿಗೆ ನೇಸರಗಿಯ ರೈತ ಪರಪ್ಪನ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಜೀಪು, ತಮ್ಮ ಟೊಪ್ಪಿಗೆ ಹಾಗೂ ತಮ್ಮ ಜ್ಞಾನ ಕ್ಷೇಮವೆಂದು ನಂಬಿದ್ದೇನೆ. ಊರಿಗೆಲ್ಲ ಗೊತ್ತಾದ ಸಂಗತಿಯನ್ನು ಲಕೋಟೆಯಲ್ಲಿ ಮುಚ್ಚುವುದೇಕೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಮಾನ್ಯರೇ, ತಾವು ನಮ್ಮ ಹೊಲಕ್ಕೆ ದಯಮಾಡಿಸಿದಾಗ, ಹೂಲಿಯ ಹುಡುಗಿಯೊಬ್ಬಳೊಡನೆ ನನ್ನ ಎರಡನೆಯ ಲಗ್ನದ ಮಾತು ಮುಗಿಯುತ್ತ ಬಂದಿತ್ತು. ನನ್ನ ಹೆಂಡತಿ ಕೃಷ್ಣವ್ವನಿಗೆ ಮಕ್ಕಳಾಗಲಿಲ್ಲವೆಂದು ನನ್ನ ತಾಯಿ ಮಾಯವ್ವ ತಾನೇ ಓಡಾಡಿ ಹೆಣ್ಣು ಗೊತ್ತುಮಾಡಿದ್ದಳು. ಕಾಯಿದೆ ಒಪ್ಪದಿದ್ದರೂ ಊರು ಒಪ್ಪಿತ್ತು. ನಾನು ಬೇಕೆನ್ನಲಿಲ್ಲ, ಬೇಡವೆನ್ನುವ ಧೈರ್ಯವನ್ನೂ ಮಾಡಲಿಲ್ಲ. ಕೃಷ್ಣವ್ವ ತನ್ನ ಸೀರೆಗಳನ್ನು ಟ್ರಂಕಿಗೆ ತುಂಬಿ, ಸಂಗೊಳ್ಳಿಯ ತವರಿಗೆ ಹೊರಡಲು ಸಿದ್ಧಳಾಗಿದ್ದಳು.

ಅಂಥ ಹೊತ್ತಿನಲ್ಲಿ ತಾವು ಬದುವಿನ ಮೇಲೆ ನಿಂತು, ಹೆಣ್ಣು ಸಾಲಿನ ಗಿಡಗಳ ಹೂಪುಡಿಯಷ್ಟೇ ಬಂಜೆ, ತೆನೆ ಬಂಜೆಯಲ್ಲ, ಗಂಡು ಸಾಲಿನ ಪುಡಿ ಗಾಳಿಯಲ್ಲಿ ಬಂದು ಬಿದ್ದರೆ ಕಾಳು ತುಂಬುತ್ತದೆ, ಆ ಕಾಳು ಬಿತ್ತಿದ ಬೆಳೆಯ ಹೂಪುಡಿಗೆ ಕಳೆದ ಶಕ್ತಿಯೂ ಮರಳುತ್ತದೆ ಎಂದು ಅಪ್ಪಣೆ ಕೊಡಿಸಿದಿರಿ. ಎಂದೂ ನಾಲ್ಕು ಜನರೆದುರು ಬಾಯಿ ತೆರೆಯದ ಕೃಷ್ಣವ್ವ ಸೆರಗು ಸರಿಪಡಿಸಿಕೊಂಡು, “ಸಾಹೇಬ್ರ, ಹಂಗಾದ್ರ ಕಾಳು ಕಟ್ಟದಿದ್ರ ತೆನಿದ ತಪ್ಪು ಅನ್ನಾಕ ಬರೂದಿಲ್ಲ ಅಲ್ರೀ?” ಎಂದು ಕೇಳಿದಳು.

“ಖರೆ ಅದ ನೋಡವಾ, ಗಂಡಿನ ಪುಡಿಯೊಳಗ ಜೀವ ಇರಬೇಕು,” ಎಂದಿರಿ.

“ಪುಡಿ ಬಂಜಿ ಆಗೂ ಆ ದೋಷ ಎಲ್ಲಿಂದ ಬರತೈತ್ರಿ?”

“ತಾಯಿ ಕಡಿಂದ,” ಎಂದಿರಿ.

ತಾವು ಹೇಳಿದ್ದು ಜೋಳದ ತಾಯಿಯನ್ನು ಕುರಿತು. ಹೊಲದಲ್ಲಿದ್ದವರೆಲ್ಲ ತಿರುಗಿ ನೋಡಿದ್ದು ನನ್ನ ತಾಯಿಯನ್ನು.

ಮರುದಿನವೇ ಅವ್ವ, “ನನ್ನ ತವರಿನ ಮಂದಿಗೆ ಕಳಂಕ ಹಚ್ಚತಾರ? ನಡಿ, ತಪಾಸ ಮಾಡಿಸಿಕೋ!” ಎಂದು ನನ್ನ ರಟ್ಟೆ ಹಿಡಿದು ಬೆಳಗಾವಿಯ ಬಸ್ಸು ಹತ್ತಿಸಿದಳು. ಇಷ್ಟು ವರ್ಷ ಸೊಸೆಯ ಕಣ್ಣೀರು ಮಾಡಲಾಗದ ಕೆಲಸವನ್ನು ತಮ್ಮ ಎರಡೇ ಶಬ್ದಗಳು ಮಾಡಿದವು, ಆಹಾ! ಡಾಕ್ಟರರು ಹೇಳಿದಂತೆ ದೋಷ ನನ್ನದೇ. ಆದರೆ ಅದು ತಾಯಿಯಿಂದ ಬಂದುದಲ್ಲ, ಹುಡುಗನಿದ್ದಾಗ ಗದ್ದ ಊದಿಸಿದ ಮಂಗನಬಾವಿನಿಂದ ಬಂದುದು, ಮದ್ದಿಲ್ಲ. ಅವ್ವ ಮೊದಲು ಸಮಾಧಾನದ ಉಸಿರುಬಿಟ್ಟಳು, ಆಮೇಲೆ ನನ್ನ ಮುಖ ನೋಡಿ ದಾರಿಯುದ್ದಕ್ಕೂ ಅತ್ತಳು. ಹೂಲಿಗೆ ತಾನೇ ಹೋಗಿ ಮಾತು ಮುರಿದು ಬಂದಳು.

ಕೃಷ್ಣವ್ವ ನನ್ನನ್ನು ಒಂದು ಮಾತೂ ಹಂಗಿಸಲಿಲ್ಲವಾದ್ದರಿಂದ ನಾನು ತಲೆ ಎತ್ತುವುದು ಇನ್ನೂ ಕಷ್ಟವಾಯಿತು. ಮೊನ್ನೆ ನೆರೆಮನೆಯ ಶಟ್ಟೆವ್ವ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವಾಗ ಅವಳು ಎಂದಿನಂತೆ ಬಾಗಿಲ ಬಳಿ ನಿಂತಿದ್ದಳು. ಅವ್ವನೇ ಕೂಗಿದಳು: “ಏ ಕೃಷ್ಣಿ, ಹಿಂದ್ಯಾಕ ನಿಂತಿ? ಮುಂದ ಬಾ, ಕೂಸಿನ್ನ ನೀನ ಎತ್ತಿಕೋ.” ಅವಳು ಎತ್ತಿಕೊಂಡಳು, ಕೂಸು ಅವಳ ಸೀರೆ ಒದ್ದೆ ಮಾಡಿತು, ಊಟಕ್ಕೆ ಕರೆಯುವವರೆಗೂ ಅವಳು ಅದನ್ನು ಕೆಳಗಿಳಿಸಲಿಲ್ಲ.

ಆದರೂ ದೂರು ದೂರೇ. ಚಹಾದಂಗಡಿಯಲ್ಲಿ ಭರಮಪ್ಪ ನನ್ನನ್ನು ‘ಹೆಣ್ಣು ಸಾಲು’ ಎಂದು ಕರೆಯುತ್ತಾನೆ. ಆದ್ದರಿಂದ ಪಕ್ಕದಲ್ಲಿ ಬೇರೆ ಗಂಡು ಸಾಲು ಬಿತ್ತುವ ತಮ್ಮ ಉಪಾಯವು ಜೋಳಕ್ಕೆ ಮಾತ್ರ ಅನ್ವಯಿಸತಕ್ಕದ್ದೆಂದು ಡಂಗುರ ಹೊಡೆಸಬೇಕಾಗಿ ಪ್ರಾರ್ಥನೆ. ಹಾಗೆಯೇ ಎರಡನೆಯ ಲಗ್ನ ಮಾಡಹೊರಟ ಪ್ರತಿ ಮನೆಗೂ ತಾವು ಜೀಪಿನಲ್ಲಿ ಹೋಗಿ ಮೊದಲು ಒಂದು ಭಾಷಣ ಮಾಡತಕ್ಕದ್ದು.

ಲಗ್ನ ಕಳೆದುಕೊಂಡು ಮನೆ ಉಳಿಸಿಕೊಂಡ
ತಮ್ಮ ವಿಶ್ವಾಸಿ,
ಪರಪ್ಪ

ತಾ.ಕ.: ಇದಷ್ಟನ್ನು ಬೇರೆ ಚೀಟಿಯಲ್ಲಿ ಬರೆದು ಲಕೋಟೆಯಲ್ಲಿ ಮುಚ್ಚಿದ್ದೇನೆ, ತಾವೊಬ್ಬರೇ ಓದತಕ್ಕದ್ದು. ಮಕ್ಕಳಾಗಲೆಂದು ತಮ್ಮ ಶ್ರೀಮತಿ ಲೀಲಾಬಾಯಿಯವರು ಸವದತ್ತಿಯ ಗುಡ್ಡಕ್ಕೆ ಬರಿಗಾಲಲ್ಲಿ ಹೋಗುತ್ತಿರುತ್ತಾರೆಂದು ತಮ್ಮ ಡ್ರೈವರು ಹೇಳಿದ. ಬೆಳಗಾವಿಯ ಆ ಡಾಕ್ಟರರು ಮಂಗಳವಾರ ಸಿಗುತ್ತಾರೆ, ಸಾಹೇಬರೇ. ಮೊದಲ ಬಸ್ಸಿನಲ್ಲಿ ತಮಗೊಂದು ಸೀಟು ಹಿಡಿದಿರುತ್ತೇನೆ. ಬೇಕಾದರೆ ಜೊತೆಗೂ ಬರುತ್ತೇನೆ.