ಅಕ್ಕನ ಹೊಸ ಕಣ್ಣು, ಮಾಸ್ಟರ ಕಪ್ಪು ಪರದೆ

ಅಕ್ಷರ ಸ್ವಲ್ಪ ದೊಡ್ಡದಾಗಿ ಕಂಡಿದ್ದರೆ ಟೈಲರ್ ಮಾಸ್ಟರಿಗೆ ಆ ದಿನ ಯಾವ ತಾಪತ್ರಯವೂ ಇರುತ್ತಿರಲಿಲ್ಲ. ಅಕ್ಕನ ಮಗಳು ತನ್ನ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ ಕೊಟ್ಟು ಎಂಟು ದಿನವಾಗಿತ್ತು. "ಮಾವ, ಇದು ಬಹಳ ಸಾಧು. ಗೊತ್ತಿಲ್ಲದ್ದನ್ನ ಮಾತ್ರ ಒತ್ತಬೇಡಿ" ಎಂದಿದ್ದಳು. ಮಾಸ್ಟರಿಗೆ ಅದರಲ್ಲಿ ಗೊತ್ತಿದ್ದದ್ದು ಏನೂ ಇರಲಿಲ್ಲವಾದ್ದರಿಂದ ಅವರು ಭೇದವಿಲ್ಲದೆ ಎಲ್ಲವನ್ನೂ ಒತ್ತುತ್ತಿದ್ದರು.

ಆ ಬೆಳಿಗ್ಗೆ ಅಕ್ಷರ ದೊಡ್ಡದು ಮಾಡಲು ಹೋಗಿ ಡಿಸ್‌ಪ್ಲೇ ಎಂಬಲ್ಲಿ ಒತ್ತಿದರು. ಚಿತ್ರ ಇನ್ನೂ ಚೆನ್ನಾಗಿ ಕಾಣಲು ಹೊಸ ಸಾಫ್ಟ್‌ವೇರ್ ಬಂದಿದೆ, ಹಾಕಲೇ ಎಂದು ಅದು ವಿನಯವಾಗಿ ಕೇಳಿತು. ಕೇಳಿದವರಿಗೆ ಇಲ್ಲ ಎನ್ನುವ ಜಾಯಮಾನ ಮಾಸ್ಟರದ್ದಲ್ಲ. ಅದು ಅರ್ಧ ಆಗಿತ್ತೋ ಇಲ್ಲವೋ, ಪ್ಯಾಂಟು ಗಿಡ್ಡ ಮಾಡಿಸಲು ಗಿರಾಕಿಯೊಬ್ಬರು ಬಂದರು. ಕೆಲಸದ ಹೊತ್ತಲ್ಲಿ ಆಟ ಆಡುತ್ತಿದ್ದಾರೆ ಅಂದುಕೊಂಡಾರೆಂದು ಮಾಸ್ಟರು ಗುಂಡಿ ಒತ್ತಿಹಿಡಿದು ಯಂತ್ರವನ್ನೇ ಆರಿಸಿಬಿಟ್ಟರು. ಮತ್ತೆ ಹಾಕಿದಾಗ ಪರದೆ ಕಾವಲಿಯಷ್ಟು ಕಪ್ಪು. ಮೂಲೆಯಲ್ಲಿ ಒಂದೇ ಸಾಲು ಬಿಳಿ ಅಕ್ಷರ, ಅದರ ಪಕ್ಕ ಕಣ್ಣು ಮಿಟುಕಿಸುವ ಒಂದು ಗೆರೆ.

ಬೇರೆ ದಿನವಾಗಿದ್ದರೆ ಮುಚ್ಚಿಟ್ಟು ಸುಮ್ಮನಾಗುತ್ತಿದ್ದರು. ಆದರೆ ಅವತ್ತು ಸಂಜೆ ಐದಕ್ಕೆ, ದೂರದ ಕಣ್ಣಾಸ್ಪತ್ರೆಯಲ್ಲಿ ಅಕ್ಕನ ಕಣ್ಣಿನ ಪಟ್ಟಿ ಬಿಚ್ಚುವವರಿದ್ದರು. ಪೊರೆ ಬಂದು ವರ್ಷಗಟ್ಟಲೆ ಅವಳಿಗೆ ಲೋಕವೆಲ್ಲ ಬೆಳ್ಳನೆ ಮಂಜು. "ಪಟ್ಟಿ ತೆಗೆದ ತಕ್ಷಣ ಮೊದಲು ನನ್ನ ತಮ್ಮನ ಮುಖ ತೋರಿಸಿ" ಎಂದು ಹಟ ಹಿಡಿದಿದ್ದಳು. ಅದಕ್ಕೆಂದೇ ಐದಕ್ಕೆ ಮಾಸ್ಟರ ಲ್ಯಾಪ್‌ಟಾಪಿಗೆ ವಿಡಿಯೋ ಕರೆ ಮಾಡುವುದೆಂದು ಗೊತ್ತಾಗಿತ್ತು. ಮಾಸ್ಟರನ್ನು ಎತ್ತಿ ಆಡಿಸಿದವಳು, ಸೂಜಿಗೆ ದಾರ ಪೋಣಿಸಲು ಕಲಿಸಿದವಳು, ತನ್ನ ಹೊಲಿಗೆ ಯಂತ್ರವನ್ನೇ ಕೊಟ್ಟು ಬದುಕು ತೋರಿಸಿದವಳು ಅವಳು. ಈಗಲೂ ಅವರು ಕಳಿಸಿದ ರವಿಕೆ ತೊಟ್ಟು, "ನನ್ನ ತಮ್ಮನ ಹೊಲಿಗೆ ಗೆರೆ ಎಳೆದ ಹಾಗೆ ನೇರ" ಎಂದು ಕಂಡಕಂಡವರಿಗೆ ಹೇಳುತ್ತಿದ್ದಳು. ಅವಳು ಕೇಳಿದ್ದು ಇದೊಂದೇ, ಅದೂ ಕೈತಪ್ಪಿತಲ್ಲ ಎಂದು ಮಾಸ್ಟರು ಯಂತ್ರವನ್ನು ಮತ್ತೆ ಮತ್ತೆ ಆರಿಸಿ ಹಾಕಿದರು.

ಲ್ಯಾಪ್‌ಟಾಪ್ ಕೊಟ್ಟ ಸೋದರಸೊಸೆಗೆ ಫೋನು ಮಾಡಿದರೆ ಎತ್ತಲಿಲ್ಲ. ಬಂದವನು ಪಕ್ಕದ ಔಷಧಿ ಅಂಗಡಿಯವನು.

"ಹೆಸರು ಕೇಳ್ತಾ ಇದೆ, ಬರೀರಿ ಮಾಸ್ಟರೇ."

ಬರೆದರು. ಪಾಸ್‌ವರ್ಡ್ ಕೇಳಿತು. ಬರೆದರು, ಒಂದಕ್ಷರವೂ ಮೂಡಲಿಲ್ಲ. ಇನ್ನೂ ಗಟ್ಟಿಯಾಗಿ ಒತ್ತಿದರು. ಮೂಡಲಿಲ್ಲ.

"ಕೀಲಿಗಳಿಗೆ ಜೀವ ಹೋಗಿದೆ" ಎಂದು ಔಷಧಿಯವನು ಅಂಗಡಿಯಿಂದ ಸ್ಪಿರಿಟ್ಟು, ಹತ್ತಿ ತಂದು ಒಂದೊಂದು ಕೀಲಿಯನ್ನೂ ಗಾಯ ತೊಳೆಯುವಂತೆ ಒರೆಸಿದ. ಅಷ್ಟರಲ್ಲಿ ಮಹಡಿ ಮೇಲಿನ ಚಿಕ್ಕಮ್ಮ ಇಳಿದು ಬಂದರು. ಬೀದಿಗೆಲ್ಲ ಚಿಕ್ಕಮ್ಮನಾದ ಅವರಿಗೆ ಯಾರ ಮನೆಯ ಕಷ್ಟವೂ ಪರರದ್ದಲ್ಲ.

"ಬಿಸಿಯಾಗಿದೆ, ಪಾಪ. ಫ್ಯಾನಿನ ಕೆಳಗೆ ಮಲಗಿಸಿ" ಎಂದರು. ಮಲಗಿಸಿದ್ದಾಯಿತು. ಏಳಲಿಲ್ಲ.

"ಹೋಗ್ಲಿ, ನನ್ನ ಫೋನಿನಲ್ಲೇ ಮಾತಾಡಿ" ಎಂದ ಔಷಧಿಯವನು.

"ಅಂಗೈಯಷ್ಟು ಗಾಜಿನಲ್ಲಿ ನೋಡಿಸಿ ಅಕ್ಕನ ಹೊಸ ಕಣ್ಣು ಹಾಳು ಮಾಡ್ಲಾ?" ಎಂದರು ಮಾಸ್ಟರು. ಅಕ್ಕ ಆ ಕಡೆ ಯಾವ ಗಾಜಿನಲ್ಲಿ ನೋಡುತ್ತಾಳೆಂದು ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ.

ನಾಲ್ಕೂವರೆಗೆ ಸೊಸೆಯೇ ಫೋನು ಮಾಡಿದಳು. "ಮಾವ, ಪಾಸ್‌ವರ್ಡ್ ಕಣ್ಣಿಗೆ ಕಾಣಲ್ಲ, ಆದ್ರೆ ಒಳಗೆ ಹೋಗುತ್ತೆ. ನಂಬಿ ಬರೀರಿ. ಆಮೇಲೆ ಒಂದು ಸಾಲು ಹೇಳ್ತೀನಿ. ಹೊಸದಾಗಿ ಬಂದು ಕೂತಿರೋದನ್ನ ಅದು ತೆಗೆದು ಹಾಕುತ್ತೆ. ಪದ ಪದದ ನಡುವೆ ಗ್ಯಾಪ್ ಬಿಡಿ."

"ಗ್ಯಾಪ್ ಎಷ್ಟಮ್ಮ? ಅರ್ಧ ಇಂಚು ಸಾಕಾ?"

"ಸಾಕು ಮಾವ" ಎಂದಳು.

ಅಳತೆ ಚೀಟಿ ಇಲ್ಲದೆ ಮಾಸ್ಟರು ಕರವಸ್ತ್ರವನ್ನೂ ಹೊಲಿದವರಲ್ಲ. ಬಟ್ಟೆಗಾದರೆ ಚೀಟಿಯನ್ನು ಗುಂಡುಪಿನ್ನಿನಿಂದ ಚುಚ್ಚುತ್ತಿದ್ದರು. ಇಲ್ಲಿ ಚುಚ್ಚುವಂತಿರಲಿಲ್ಲ. ಹೇಳಿದ ಸಾಲನ್ನು ಚೀಟಿಯಲ್ಲಿ ಬರೆದು, ಕಣ್ಣೆದುರೇ ಇರಲಿ ಎಂದು ಪರದೆಯ ಮೇಲಂಚಿಗೆ ಟೇಪಿನಿಂದ ಅಂಟಿಸಿದರು. ಪರದೆಗೆ ಅಳತೆಪಟ್ಟಿ ಹಿಡಿದು, ಅರ್ಧ ಇಂಚು ಆಗುವವರೆಗೆ ಗ್ಯಾಪ್ ಒತ್ತಿ ಒತ್ತಿ ಬರೆದರು. ಯಂತ್ರ ದೊಡ್ಡ ಮನಸ್ಸು ಮಾಡಿ ಅದನ್ನೆಲ್ಲ ನುಂಗಿಕೊಂಡಿತು. ಅಕ್ಷರಗಳು ಸರಸರ ಓಡಿದವು, ಎಲ್ಲ ಆರಿತು, ಮತ್ತೆ ಹತ್ತಿತು. ಬಣ್ಣ ಬಂತು!

ಮಾಸ್ಟರು ಔಷಧಿಯವನ ಎರಡೂ ಕೈ ಹಿಡಿದುಕೊಂಡರು. "ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೆಯಲ್ಲಪ್ಪ." ಸ್ಪಿರಿಟ್ಟಿನಿಂದಲೇ ಆಯಿತೆಂದು ಅವನೂ, ಫ್ಯಾನಿನಿಂದಲೇ ಆಯಿತೆಂದು ಚಿಕ್ಕಮ್ಮನೂ ನಂಬಿ ಸುಖವಾಗಿದ್ದರು. ಮಾಸ್ಟರು ಇಬ್ಬರಿಗೂ ಹೌದೆಂದರು.

ಸರಿಯಾಗಿ ಐದಕ್ಕೆ ಕರೆ ಬಂತು. ಪರದೆ ತುಂಬ ಅಕ್ಕ! ಡಾಕ್ಟರು ಪಟ್ಟಿ ತೆಗೆದರು. ಅಕ್ಕ ನಿಧಾನವಾಗಿ ಕಣ್ಣು ಬಿಟ್ಟು, ಸೊಸೆ ಹಿಡಿದಿದ್ದ ಅಂಗೈಯಷ್ಟು ಫೋನನ್ನು ನೋಡಿದಳು. ನೋಡುತ್ತ ನೋಡುತ್ತ ಅದನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು.

"ಅಯ್ಯೋ ತಮ್ಮಾ, ಮತ್ತೆ ಅದೇ ಬೆಳ್ಳನೆ ಮಂಜು ಕಣೋ! ಡಾಕ್ಟ್ರೇ, ಕಣ್ಣು ಬರಲಿಲ್ಲ!"

ಔಷಧಿಯವನು ಆಗಲೇ ಸ್ಪಿರಿಟ್ಟಿನ ಬಾಟಲಿಗೆ ಕೈ ಹಾಕಿದ್ದ.

"ಅಮ್ಮಾ, ನನ್ನ ಮುಖ ನೋಡು" ಎಂದಳು ಸೊಸೆ.

"ನೀನು ಕಾಣ್ತೀಯಲ್ಲೇ! ಮೂಗಿನ ಮೇಲೆ ಮೊಡವೆ ಎದ್ದಿದೆ. ನನ್ನ ತಮ್ಮ ಮಾತ್ರ ಮಂಜು!"

"ಮಾವಾ, ಪರದೆ ಮೇಲಿರೋ ಕ್ಯಾಮೆರಾಗೆ ಏನಾದ್ರೂ ಅಂಟಿಸಿದೀರಾ?"

ಮಾಸ್ಟರು ತಲೆ ಎತ್ತಿದರು. ಅವರ ಅಳತೆ ಚೀಟಿ ಕ್ಯಾಮೆರಾದ ಮೇಲೆ ಅಚ್ಚುಕಟ್ಟಾಗಿ ಕೂತಿತ್ತು. ಸರ್ರನೆ ಕಿತ್ತರು.

"ಬಂದ! ಬಂದ ನನ್ನ ರಾಜ!" ಅಕ್ಕ ಕೈ ಮುಗಿದಳು. ಮಾಸ್ಟರಿಗೆ ಅಳು ಬಂತು, ಚಿಕ್ಕಮ್ಮನಿಗೂ ಬಂತು. "ಅಕ್ಕಾ, ನಿನಗೆ ಕಣ್ಣು ಬಂತಲ್ಲ, ನನಗಿನ್ನೇನೂ ಬೇಡ" ಎಂದರು ಮಾಸ್ಟರು. ಆ ಕ್ಷಣ ಅದು ನಿಜವೂ ಆಗಿತ್ತು.

ಅಕ್ಕ ಆಸೆಯಿಂದ ತಮ್ಮನನ್ನು ನೋಡಿದಳು. ನೋಡುತ್ತ ಅವಳ ಹುಬ್ಬು ಗಂಟಿಕ್ಕಿತು.

"ಆ ಅಂಗಿ ಯಾರು ಹೊಲಿದದ್ದೋ?"

"ನಾನೇ ಅಕ್ಕ."

"ಕಾಲರು ಒಂದು ಕಡೆ ಬಾಗಿದೆಯಲ್ಲೋ!" ಅವಳು ತಟ್ಟನೆ ತನ್ನ ತೋಳು ಎತ್ತಿ ರವಿಕೆಯ ಹೊಲಿಗೆ ನೋಡಿಕೊಂಡಳು. "ಇದೇನಿದು, ಇರುವೆ ಸಾಲು ಹೋದ ಹಾಗಿದೆ! ಇಷ್ಟು ವರ್ಷ ಇದನ್ನೇ ನೇರ ಅಂತ ಊರಿಗೆಲ್ಲ ಹೊಗಳಿದ್ನಾ? ನೀನು ಹೊಲಿದ ಮೂವತ್ತೂ ರವಿಕೆ ನಾಳೆ ಕಳಿಸ್ತೀನಿ. ಬಿಚ್ಚಿ ಮತ್ತೆ ಹೊಲಿ. ದಿನಾ ಐದು ಗಂಟೆಗೆ ಇದರಲ್ಲೇ ತೋರಿಸು, ನಾನು ನೋಡ್ತೀನಿ."

ಮಾಸ್ಟರು ಸಹಾಯಕ್ಕಾಗಿ ಹಿಂದೆ ತಿರುಗಿದರು. ಔಷಧಿಯವನು ತನ್ನ ಅಂಗಿಯ ಜೇಬನ್ನು ಬೆಳಕಿಗೆ ಹಿಡಿದು ಪರೀಕ್ಷಿಸುತ್ತಿದ್ದ. ಚಿಕ್ಕಮ್ಮ ತೋಳು ತಿರುಗಿಸಿ ತಮ್ಮ ರವಿಕೆಯ ಹೊಲಿಗೆ ನೋಡಿಕೊಳ್ಳುತ್ತಿದ್ದರು.

"ಆಗಲಿ ಅಕ್ಕ" ಎಂದ ಮಾಸ್ಟರು, ಕೈಯಲ್ಲಿದ್ದ ಚೀಟಿಯನ್ನು ಮೆಲ್ಲಗೆ ಮತ್ತೆ ಅದೇ ಜಾಗಕ್ಕೆ ಅಂಟಿಸಲು ನೋಡಿದರು.

"ಕೈ ತೆಗಿ" ಎಂದಳು ಅಕ್ಕ. "ಕಾಣುತ್ತೆ."