ಅರಿಷಿಣ ಹಚ್ಚದ ಕಾರ್ಡು

ನಾನು ಸಾಲಿ ಬಿಟ್ಟದ್ದು ೧೯೮೮ರಲ್ಲಿ, ಏಳನೆಯ ಇಯತ್ತೆ ಮುಗಿಯುವ ಮೊದಲೇ. ಅಪ್ಪ ಕೈಹಿಡಿದು ಬೈಲಹೊಂಗಲದ ಒಂದು ಹತ್ತಿ ಗಿರಣಿಗೆ ಕರೆದುಕೊಂಡು ಹೋದ. ಅಂದಿನಿಂದ ಇಂದಿನವರೆಗೆ ನಾನು ಅಲ್ಲಿ ಶಿಕ್ಕಾ ಹೊಡೆಯುತ್ತಿದ್ದೇನೆ. ಒತ್ತಿ ಕಟ್ಟಿದ ಅರಳೆಯ ಬೇಲು ಹೊರಗೆ ಬಂದ ಕೂಡಲೇ ಅದರ ಮೇಲೆ ತಗಡಿನ ಅಚ್ಚು ಇಟ್ಟು, ಕರಿ ಶಾಯಿಯ ಬ್ರಶ್ ಎಳೆದು, ನಂಬರು ಮತ್ತು ಗಿರಣಿಯ ಗುರುತು ಮೂಡಿಸುವುದು ನನ್ನ ಕೆಲಸ. ಗುರುತೆಂದರೆ ಅಡ್ಡ ಮೂರು ಗೆರೆ, ನಡುವೆ ಒಂದು ಬೊಟ್ಟು. ಇಷ್ಟು ವರ್ಷದಲ್ಲಿ ಒಂದು ಗೆರೆಯೂ ಸೊಟ್ಟಾಗಿಲ್ಲ. ಡಿಗ್ರಿ ಮಾಡಿದವರ ಸಹಿಗಳನ್ನು ನೋಡಿದ್ದೇನೆ. ನನ್ನ ಗೆರೆಯಷ್ಟು ನೆಟ್ಟಗೆ ಯಾವುದೂ ಇಲ್ಲ.

ಆದ್ದರಿಂದ, ನನ್ನ ಹೆಂಡತಿ ಶಾಂತವ್ವ ಮಹಿಳಾ ಸಂಘದ ಎರಡು ದಿನದ ತರಬೇತಿಗೆ ಹೋಗಿ ಕೈಯಿಂದ ಶುಭಾಶಯದ ಕಾರ್ಡು ಮಾಡುವುದನ್ನು ಕಲಿತು ಬಂದಾಗ ನನಗೆ ನಗು ಬಂತು. ಚೀಲದಿಂದ ಒಂದೊಂದೇ ಸಾಮಾನು ತೆಗೆದು ಹಾಸಿಗೆಯ ಮೇಲೆ ಹರವಿದಳು: ಬಣ್ಣದ ದಪ್ಪ ಹಾಳೆ, ಸಣ್ಣ ರಬ್ಬರ್ ಶಿಕ್ಕಾಗಳು, ಕೆಂಪು ಹಸಿರು ಶಾಯಿಯ ಪ್ಯಾಡು, ಜರಿಯ ಲೇಸು, ಚಮಕಿ, ಮಣಿ, ಕಾಗದದ ಹೂವು.

"ಶಿಕ್ಕಾ ಹೊಡ್ಯಾಕ ಎರಡ ದಿನದ ತರಬೇತಿ ಏನ?" ಎಂದೆ.

"ಇದು ಬೇಲ್ ಮ್ಯಾಲೆ ಹೊಡ್ಯೂ ಶಿಕ್ಕಾ ಅಲ್ರಿ. ಕೈ ಹಗುರ ಇರಬೇಕು."

"ನನ್ನ ಕೈ ನನಗ ಗೊತ್ತೈತಿ."

ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಒಂದು ಉಪಾಯ ಹೊಳೆಯಿತು. ಅದನ್ನು ಹೇಳುವ ಮೊದಲು ನನ್ನ ಅಕ್ಕನ ವಿಷಯ ಹೇಳಬೇಕು.

ಅಕ್ಕ ಗೌರವ್ವನನ್ನು ಮುನವಳ್ಳಿಗೆ ಕೊಟ್ಟಿದೆ. ಎರಡು ವರ್ಷದ ಹಿಂದೆ ಅವಳ ಮಗಳ ಮದುವೆ. ನಾನು ಒಬ್ಬನೇ ಸೋದರಮಾವ. ಮದುವೆಯ ಕಾರ್ಡು ಬಂತು. ಅದರಲ್ಲಿ ಇಪ್ಪತ್ತೆರಡು ಹೆಸರು, ಬಹಳಷ್ಟು ಹೆಸರಿನ ಮುಂದೆ ಬಿ.ಎ., ಬಿ.ಕಾಂ. ಎಂಬ ಬಾಲ. ನನ್ನ ಹೆಸರು ಎಲ್ಲಿತ್ತು? ಎಲ್ಲರಿಗಿಂತ ಕೆಳಗೆ, ಬಾಲವಿಲ್ಲದೆ, 'ನಮ್ಮ ಅಕ್ಕನ ಮದುವೆಗೆ ತಪ್ಪದೇ ಬರ್ರಿ' ಎಂದು ಚಿಕ್ಕ ಮಕ್ಕಳು ಕರೆಯುವ ಸಾಲಿನ ನೆತ್ತಿಯ ಮೇಲೆ. ನನಗೆ ಸಿಟ್ಟು ಬಂತು. ಆದರೂ ಹೊಸ ಧೋತರ ಉಟ್ಟು ಮಂಗಲ ಕಾರ್ಯಾಲಯದ ಬಾಗಿಲಿನವರೆಗೆ ಹೋದೆ. ಹಾರದ ಬುಟ್ಟಿ ಹಿಡಿದ ಯಾರೋ ಹುಡುಗಿ "ನೀವು ಯಾರ ಕಡೆಯವರ್ರಿ?" ಎಂದು ಕೇಳಿದಳು. ಅಷ್ಟು ಸಾಕಾಯಿತು. ಹೊಳ್ಳಿ ಬಸ್ಸು ಹಿಡಿದೆ. ಸೋದರಮಾವನಿಲ್ಲದೆ ಅಕ್ಷತೆ ಬಿತ್ತು. ಅಕ್ಕ ಅಂದಿನಿಂದ ಮಾತು ಬಿಟ್ಟಳು. ನಾನೂ ಬಿಟ್ಟೆ. ತಪ್ಪು ನನ್ನದೆಂದು ಗೊತ್ತಾಗಲು ಒಂದು ತಿಂಗಳು ಹಿಡಿಯಿತು; ಗೊತ್ತಾದದ್ದನ್ನು ಮುಚ್ಚಿಡುವುದರಲ್ಲಿ ಉಳಿದ ಇಪ್ಪತ್ತಮೂರು ತಿಂಗಳು ಕಳೆದವು.

ದಸರಾ ಬರುವುದರಲ್ಲಿತ್ತು. ಬನ್ನಿ ಕೊಟ್ಟು, ಕಾಲು ಮುಟ್ಟಿ, 'ಬಂಗಾರದಂಗ ಇರೋಣು' ಎಂದರೆ ನಮ್ಮ ಕಡೆ ಎಂಥ ಜಗಳವೂ ಮುಗಿದಂತೆ. ಆದರೆ ಅದಕ್ಕೆ ಮುನವಳ್ಳಿಗೆ ಹೋಗಬೇಕು, ಅವಳ ಹೊಸ್ತಿಲ ಮುಂದೆ ನಿಲ್ಲಬೇಕು, ಅವಳು ಒಳಗೆ ಕರೆಯುವವರೆಗೆ ಕಾಯಬೇಕು. ಕಾರ್ಡಾದರೆ ಅಂಚೆಯಲ್ಲಿ ಹೋಗುತ್ತದೆ. ಕಾರ್ಡಿಗೆ ನಾಚಿಕೆ ಇಲ್ಲ.

ಶುಕ್ರವಾರ ರಜೆ ಹಾಕಿ ಕುಳಿತೆ. ಶಾಂತವ್ವನ ಗುಲಾಬಿ ಹಾಳೆ ಬದಿಗೆ ಸರಿಸಿ ಬಿಳಿ ಹಾಳೆ ತೆಗೆದುಕೊಂಡೆ. ಶಿಕ್ಕಾ ಬಿಳಿಯ ಮೇಲೆ ಎದ್ದು ಕಾಣುತ್ತದೆ. ಅವಳ ಕೆಂಪು ಶಾಯಿ ಹೊಡೆದು ನೋಡಿದೆ, ನೀರು ನೀರು. ಗಿರಣಿಯಿಂದ ತಂದಿಟ್ಟಿದ್ದ ಕರಿ ಶಾಯಿಯ ಡಬ್ಬಿ ಬಿಚ್ಚಿದೆ.

"ಕರೇ ಬಣ್ಣ ಯಾಕ್ರಿ ಹಬ್ಬಕ್ಕ?" ಎಂದಳು ಶಾಂತವ್ವ.

"ಕರೇದು ಅಂದ್ರ ಖಾಯಂ. ಮಳ್ಯಾಗ ನೆನದ್ರೂ ಹೋಗೂದಿಲ್ಲ."

ಬನ್ನಿಯ ಶಿಕ್ಕಾ ಅವಳ ಹತ್ತಿರ ಇರಲಿಲ್ಲ. ಬಟಾಟಿ ಹೆಚ್ಚಿ ನಾನೇ ಕೆತ್ತಿದೆ. ಬನ್ನಿಯ ಒಂದು ಕಡ್ಡಿಗೆ ಹತ್ತಾರು ಸಣ್ಣ ಎಲೆ. ಬಟಾಟಿಯಲ್ಲಿ ಅಷ್ಟು ಹಿಡಿಯಲಿಲ್ಲ. ಮೂರು ಎಲೆಗೆ ನಿಲ್ಲಿಸಿದೆ. ಮೇಲ್ಭಾಗ ಖಾಲಿ ಕಂಡಿತು. ಕೈ ತಾನಾಗಿಯೇ ರೂಢಿಯಂತೆ ಅಡ್ಡ ಮೂರು ಗೆರೆ ಎಳೆದು ನಡುವೆ ಬೊಟ್ಟಿಟ್ಟಿತು. ನೆಟ್ಟಗೆ ಬಂತು. ತರಬೇತಿಯಲ್ಲಿ 'ಕಾರ್ಡಿನಲ್ಲಿ ನಿಮ್ಮದೇ ಏನಾದರೂ ಇರಲಿ' ಎಂದು ಹೇಳಿದ್ದರಂತೆ. ಅಕ್ಕ ನನ್ನ ಮುಖ ನೋಡಿ ಎರಡು ವರ್ಷವಾಯಿತಲ್ಲ ಎಂದುಕೊಂಡು, ಟೊಪಗಿ ಹಾಕಿದ ನನ್ನ ಪಾಸ್‌ಪೋರ್ಟ್ ಫೋಟೋ ನಡುವೆ ಅಂಟಿಸಿದೆ. ಬೋಳು ಕಾಣಬಾರದೆಂದು ಅದರ ಸುತ್ತ ಜರಿಯ ಲೇಸು, ಲೇಸಿನ ಮೇಲೆ ಕಾಗದದ ಹೂವು ಸಾಲಾಗಿ ಹಚ್ಚಿದೆ.

ಒಳಗೆ ಏನು ಬರೆಯುವುದು? ಕಡಿಮೆ ಓದಿದವನೆಂದು ಅಕ್ಕನ ಬೀಗರು ನಗಬಾರದು. ಭಾರವಾದ ಭಾಷೆಯಲ್ಲಿ ಬರೆದೆ: 'ನನ್ನಿಂದ ಜೀವನದಲ್ಲಿ ಏನಾದರೂ ತಪ್ಪಾಗಿದ್ದರೆ ಮನ್ನಿಸಬೇಕು. ಬರುವ ಗುರುವಾರ ತಾವು ಸಹಕುಟುಂಬ ನಮ್ಮ ಮನೆಗೆ ಬಂದು ಪ್ರಸಾದ ಸ್ವೀಕರಿಸಬೇಕು.' ದಸರಾ ಎಂದು ಬರೆಯಲಿಲ್ಲ. ಬನ್ನಿ ಎಲೆ ಇದೆಯಲ್ಲ, ಕಣ್ಣಿದ್ದವರಿಗೆ ತಿಳಿಯುತ್ತದೆ!

ಐದು ಕಾರ್ಡು ಸಿದ್ಧವಾದವು. ಶಾಂತವ್ವ ಬಹಳ ಹೊತ್ತು ನೋಡಿದಳು. "ನಾಕೂ ಮೂಲಿಗೆ ಒಂದೀಟ ಅರಿಷಿಣ ಹಚ್ಚರಿ" ಎಂದಳು.

"ಇದೇನು ಲಗ್ನಪತ್ರ ಅಲ್ಲ. ಅರಿಷಿಣ ಹಚ್ಚಿದ್ರ ಶಿಕ್ಕಾ ಹೊಲಸ ಆಕ್ಕೈತಿ."

"ಹಚ್ಚಿದ್ರ ಚಲೋ ಇತ್ರಿ. ಯಾಕೋ ನೋಡಿದ್ರ ಎದಿ ಝಲ್ ಅಂತೈತಿ."

"ಕಲಾ ಅಂದ್ರ ಹಂಗ. ಝಲ್ ಅನಬೇಕು."

ಮೂರು ಕಾರ್ಡು ಅಂಚೆಗೆ ಹಾಕಿದೆ: ಅಕ್ಕನಿಗೊಂದು, ರಾಮದುರ್ಗದ ಚಿಗವ್ವನ ಮಗನಿಗೊಂದು, ಕಿತ್ತೂರಿನಲ್ಲಿರುವ ದೂರದ ಸಂಬಂಧದ ಅಳಿಯನಿಗೊಂದು. ಒಂದನ್ನು ನಮೂನೆಗೆಂದು ಇಟ್ಟುಕೊಂಡೆ. ಇನ್ನೊಂದನ್ನು ನೆರೆಮನೆಯ ಮುದುಕ ಬಸವಣ್ಣೆಪ್ಪನಿಗೆ ಕೈಯಾರೆ ಕೊಟ್ಟೆ. ಅವನು ಕಾರ್ಡು ನೋಡಿದ, ನನ್ನನ್ನು ನೋಡಿದ, ಮತ್ತೆ ಕಾರ್ಡು ನೋಡಿದ.

"ಮೈಯಾಗ ಆರಾಮ ಅದಿ ಇಲ್ಲೋ ಈರಪ್ಪ?"

"ಗಟ್ಟಿ ಅದೇನಿ. ಯಾಕ್ರಿ ಕಾಕಾ?"

"ಏನಿಲ್ಲ. ಮೊದಲ ತಯಾರಿ ಮಾಡಿ ಇಟ್ಟಿ, ಶಾಣ್ಯಾ ಅದಿ" ಎಂದು ಕಾರ್ಡನ್ನು ಮನೆಯೊಳಗೆ ಒಯ್ಯದೆ ಹೊರಗಿನ ಗೋಡೆಯ ಸಂದಿಗೆ ಸಿಕ್ಕಿಸಿದ. ಹಬ್ಬಕ್ಕೆ ಆರು ದಿನ ಮೊದಲೇ ಮಾಡಿದ್ದನ್ನು ಹೊಗಳಿದನೆಂದು ತಿಳಿದೆ. ಒಳಗೆ ಒಯ್ಯದಿದ್ದದ್ದಕ್ಕೆ ಹೊಟ್ಟೆಕಿಚ್ಚು ಎಂದುಕೊಂಡೆ.

ಮಂಗಳವಾರ ಬೆಳಿಗ್ಗೆ ಫೋನು ಬಂತು. ಪರದೆಯ ಮೇಲೆ 'ಅಕ್ಕ ಮುನವಳ್ಳಿ'. ಎರಡು ವರ್ಷದ ನಂತರ! ಕೈ ಫೋನಿಗೆ ಹೋಯಿತು. ಅಷ್ಟರಲ್ಲಿ ನನ್ನೊಳಗಿನ ದೊಡ್ಡ ಮನುಷ್ಯ ಎದ್ದು ಕುಳಿತ. ಒಂದೇ ರಿಂಗಿಗೆ ಎತ್ತಿದರೆ ಹಸಿದವನಂತೆ ಕಾಣುತ್ತದೆ. ಮೂರು ಸಲ ಮಾಡಲಿ. ಎರಡನೆಯ ಸಲ ಬಂತು. ಅದನ್ನೂ ಬಿಟ್ಟೆ. ಮೂರನೆಯದಕ್ಕೆ ಗಂಟಲು ಸರಿಮಾಡಿಕೊಂಡು ಕುಳಿತೆ.

ಮೂರನೆಯದು ಬರಲಿಲ್ಲ.

ಇರಲಿ, ಸಂಜೆಗೆ ಮಾಡುತ್ತಾಳೆ ಎಂದು ಫೋನನ್ನು ಗೋಡೆಯ ಮಾಡಿನಲ್ಲಿಟ್ಟು, ಉತ್ಸಾಹದಿಂದ ಇನ್ನೂ ಹತ್ತು ಕಾರ್ಡು ಮಾಡಲು ಡಬ್ಬಿ ಬಿಚ್ಚಿದೆ. ಮುಚ್ಚಳ ಬಿಗಿಯಾಗಿತ್ತು. ಜಗ್ಗಿದೆ. ಶಾಯಿ ಮುಖಕ್ಕೂ ಕೈಗೂ ಸಿಡಿಯಿತು. ಶಾಂತವ್ವ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಬಚ್ಚಲಿಗೆ ಹೋಗಿ ಬಿಳಿ ಪಂಜೆ ಸುತ್ತಿಕೊಂಡು ಸಾಬಾನು ಹಚ್ಚಿ ತಿಕ್ಕಿದೆ, ಬೂದಿ ಹಚ್ಚಿ ತಿಕ್ಕಿದೆ. ಖಾಯಂ ಶಾಯಿ ತನ್ನ ಮಾತಿಗೆ ತಪ್ಪಲಿಲ್ಲ.

ಬಹಳ ಹೊತ್ತು ತಿಕ್ಕಿರಬೇಕು. ಓಣಿಯ ತಿರುವಿನಲ್ಲಿ ಒಂದು ಕ್ರೂಸರ್ ನಿಂತ ಸಪ್ಪಳವಾಯಿತು. ಹಿಂದೆಯೇ ಅಳು. ಹಾಡಿಕೊಂಡು ಅಳುವುದು ನಮ್ಮ ಕಡೆಯ ಹೆಂಗಸರ ರೂಢಿ. ಸತ್ತವನ ಗುಣ ಒಂದೊಂದೇ ಎತ್ತಿ ಹೇಳುತ್ತಾರೆ. ಯಾರೋ ಪಾಪ, ಹಬ್ಬದ ವಾರದಲ್ಲಿ ಹೋದರು ಎಂದುಕೊಂಡೆ. ಅಳು ಹತ್ತಿರ ಬಂತು. ನಮ್ಮ ಕಟ್ಟೆ ಹತ್ತಿತು.

"ಬಂಗಾರದಂಥಾ ಕೈ ಇತ್ತಲ್ಲೋ ನನ್ನ ತಮ್ಮಾ! ಅಪ್ಪನ ಸಾಲಕ್ಕ ಸಾಲಿ ಬಿಟ್ಟು ದುಡದೆಲ್ಲೋ! ನನ್ನ ಲಗ್ನಕ್ಕ ಹಗಲೂ ರಾತ್ರಿ ಬೇಲು ಹೊತ್ತೆಲ್ಲೋ!"

ಅಕ್ಕನ ದನಿ. ಸತ್ತವನು ನಾನು.

ಈಗ ನಾಚಿಕೆ ಬಿಟ್ಟು ಒಂದು ಮಾತು ಹೇಳುತ್ತೇನೆ. ಆ ಕ್ಷಣವೇ ಹೊರಗೆ ಓಡಬೇಕಿತ್ತು. ಓಡಲಿಲ್ಲ. ಐವತ್ತು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಹೊಗಳಿರಲಿಲ್ಲ. ಬಚ್ಚಲ ಬಾಗಿಲಿಗೆ ಕಿವಿ ಹಚ್ಚಿ, ಇನ್ನೊಂದು ಸಾಲು ಕೇಳೋಣ ಎಂದು ನಿಂತೆ. ಆ ಇನ್ನೊಂದು ಸಾಲೂ ಬಂತು.

"ಬಾಗಲಕ ಬಂದು ಹೊಳ್ಳಿ ಹೋದೆಲ್ಲೋ ನನ್ನ ತಮ್ಮಾ! ನಿನ್ನ ಹೋಳಗಿ ತಾಟು ಸಂಜಿತನಕ ಮುಚ್ಚಿ ಇಟ್ಟಿದ್ನೆಲ್ಲೋ! ನಿನಗ ಸುತ್ತೂ ಪಟಗಾ ಇನ್ನೂ ಟ್ರಂಕಿನ್ಯಾಗ ಐತೆಲ್ಲೋ! ಯಾರೋ ಛಾಪಿಸಿದ ಹೆಸರಿಗೆ ಅಕ್ಕನ್ನ ಮರತೆಲ್ಲೋ!"

ಮದುವೆಯಲ್ಲಿ ಸೋದರಮಾವನ ತಲೆಗೆ ಕಟ್ಟಬೇಕಾದ ಪಟಗಾ. ಎರಡು ವರ್ಷದಿಂದ ಟ್ರಂಕಿನಲ್ಲಿ. ಬಚ್ಚಲ ಚಿಲಕ ತೆಗೆದೆ. ಕಾಲು ತಾನೇ ಹೊರಗೆ ಬಂತು.

ನೋಟ ಹೇಗಿತ್ತೆಂದರೆ: ಮೈಗೆ ಬಿಳಿ ಪಂಜೆ, ಮುಖ ಕಪ್ಪು, ಹಣೆಯ ಮೇಲೆ ಬೂದಿ. ಅಕ್ಕನ ಗಂಡ, ಅಂದರೆ ನಮ್ಮ ಮಾಮಾ, ಕೈಯಲ್ಲಿದ್ದ ದೊಡ್ಡ ಚೆಂಡುಹೂವಿನ ಹಾರದೊಂದಿಗೆ ಎರಡು ಹೆಜ್ಜೆ ಹಿಂದೆ ಸರಿದು ಕಟ್ಟೆಯಿಂದ ಕೆಳಗಿಳಿದ. ಅದೇ ಹೊತ್ತಿಗೆ ಹಿಟ್ಟಿನ ಡಬ್ಬಿ ಹೊತ್ತು ಶಾಂತವ್ವ ಬಂದಳು. ಮಂದಿ ಕಂಡಳು, ಅತ್ತಿಗೆಯ ಅಳು ಕೇಳಿದಳು, ಮಂದಿಯ ಹಿಂದೆ ನಿಂತ ನಾನು ಕಾಣಲಿಲ್ಲ.

"ನಾ ಈಗ ಚಾ ಕೊಟ್ಟು ಹೋಗೇನಲ್ರಿ, ಇಷ್ಟರಾಗ?" ಎಂದು ಡಬ್ಬಿ ಕೆಳಗೆ ಬಿಟ್ಟಳು. ಜೋಳದ ಹಿಟ್ಟು ಕಟ್ಟೆಯ ತುಂಬ ಹರಡಿತು.

"ಅಕ್ಕಾ, ನಾ ಅದೇನಿ" ಎಂದೆ.

ಅಳು ನಿಂತಿತು. ಅಕ್ಕ ಹತ್ತಿರ ಬಂದು ನನ್ನ ಗಲ್ಲಕ್ಕೆ ಕೈ ಹಚ್ಚಿದಳು, ಬೆಚ್ಚಗಿದೆಯೋ ಇಲ್ಲವೋ ನೋಡಿದಳು, ನಂತರ ಅದೇ ಕೈಯಿಂದ ಒಂದು ಕೊಟ್ಟಳು.

"ಬದಕಿ ಇದ್ರ ಫೋನ್ ಯಾಕ ಎತ್ತಲಿಲ್ಲೋ?"

ಆ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇತ್ತು. ಕೊಡಲಿಲ್ಲ. ಮೂರು ಸಲ ಮಾಡಲಿ ಎಂದು ಕಾಯುತ್ತಿದ್ದೆ ಎಂದು ಹೇಳಿದ್ದರೆ ತಂದ ಹಾರ ಅಂದೇ ಉಪಯೋಗಕ್ಕೆ ಬರುತ್ತಿತ್ತು.

ವಿಚಾರಣೆ ಹಿಟ್ಟಿನ ನಡುವೆಯೇ ನಡೆಯಿತು. ಮಾಮಾ ಕಾರ್ಡನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

"ಬಿಳೇ ಹಾಳಿ, ಕರೇ ಶಾಯಿ. ಮೂಲಿಗೆ ಅರಿಷಿಣ ಇಲ್ಲ. ಮ್ಯಾಲೆ ಮೂರು ಬಟ್ಟ ವಿಭೂತಿ, ಬಾಜೂಕ ಮೂರೆಲಿ ಬಿಲ್ವಪತ್ರಿ. ನಡುವ ಹಾರ ಹಾಕಿದ ಫೋಟೋ. 'ತಪ್ಪಾಗಿದ್ರ ಮನ್ನಿಸಬೇಕು, ಗುರುವಾರ ಪ್ರಸಾದಕ್ಕ ಬರಬೇಕು.' ಇನ್ನೇನ ತಿಳಕೋಬೇಕಪಾ ನಾವು? ಹೋಗಾವ ಹೋದ, ದಸರಾದ ದಿನಾನ ತನ್ನ ತಿಥಿ ದಿವಸಾ ಇಟ್ಟು ನಮ್ಮ ಹಬ್ಬಾನೂ ಕೆಡಿಸಿದ ಅಂತ ದಾರಿತುಂಬಾ ಬೈಕೋತ ಬಂದೇನಿ."

"ಅದು ಪತ್ರಿ ಅಲ್ರಿ ಮಾಮಾ, ಬನ್ನಿ" ಎಂದೆ. "ಅದು ವಿಭೂತಿ ಅಲ್ಲ, ಗಿರಣಿ ಗುರುತು."

"ನಾ ನಾಕ ದಿನದ ಹಿಂದ ಕೇಳಿದ್ನೆಪಾ, ಆರಾಮ ಅದಿ ಇಲ್ಲೋ ಅಂತ" ಎಂದ ಬಸವಣ್ಣೆಪ್ಪ, ತನ್ನ ಗೋಡೆಯ ಸಂದಿಯಿಂದ ಎರಡನೆಯ ಸಾಕ್ಷಿಯನ್ನು ಎಳೆದು ತರುತ್ತ.

ಶಾಂತವ್ವ ಒಳಗೆ ಹೋಗಿ ಅರಿಷಿಣದ ಬಟ್ಟಲು ತಂದು ನನ್ನ ಮುಂದೆ ಇಟ್ಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಫೋನಿನ ನೆನಪಾಯಿತು. ಕಿತ್ತೂರಿನ ಅಳಿಯ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಅದೇ ಕಾರ್ಡಿನ ಚಿತ್ರ ಹಾಕಿ 'ಭಾವಪೂರ್ಣ ಶ್ರದ್ಧಾಂಜಲಿ' ಎಂದು ಬರೆದಿದ್ದ. ಕೆಳಗೆ ಸಾಲು ಸಾಲು ಮುಗಿದ ಕೈಗಳು. ಕಪ್ಪು ಬೆರಳಿನಿಂದ ಒತ್ತಿ ಒತ್ತಿ 'ನಾ ಅದೇನಿ' ಎಂದು ಬರೆದೆ. ರಾಮದುರ್ಗದಿಂದ ತಕ್ಷಣ ಉತ್ತರ ಬಂತು: 'ಅವರ ಫೋನು ಯಾರ ಹಂತ್ಯಾಕ ಐತಿ?'

ಅಕ್ಕ ಅಂದು ಹೊಳ್ಳಿ ಹೋಗಲಿಲ್ಲ. "ಬಂದದ್ದು ಬಂದೇನಿ, ಗುರುವಾರ ಪ್ರಸಾದ ತಗೊಂಡ ಹೋಗತೇನಿ. ಕಾರ್ಡಿನ್ಯಾಗ ಬರದಿ ಅಲ್ಲ" ಎಂದಳು. ಹೆಣಕ್ಕೆ ತಂದ ಹಾರವನ್ನು ಹೆಣವಿಲ್ಲದ ಕಾರಣ ಬುಧವಾರದ ಪೂಜೆಗೆ ನನ್ನ ಬ್ರಶ್ಶಿಗೂ ತಗಡಿನ ಅಚ್ಚಿಗೂ ಹಾಕಿದೆವು. ಶಾಯಿಯ ಡಬ್ಬಿಗೆ ಹಾಕಲು ಶಾಂತವ್ವ ಬಿಡಲಿಲ್ಲ.

ಗುರುವಾರ ಸಂಜೆ ನಿಜವಾದ ಬನ್ನಿ ಎಲೆ ತಂದು, ಅಕ್ಕನ ಕೈಯಲ್ಲಿಟ್ಟು, ಬಾಗಿ ಕಾಲು ಮುಟ್ಟಿದೆ. 'ಬಂಗಾರದಂಗ ಇರೋಣು' ಎಂದೆ. ಎಷ್ಟು ಸಣ್ಣ ಮಾತು! ಬಸ್ಸಿನಲ್ಲಿ ಒಂದೂವರೆ ತಾಸು ಕುಳಿತು ಹೋಗಿ ಎರಡು ವರ್ಷದ ಹಿಂದೆಯೇ ಹೇಳಬಹುದಿತ್ತು. ಅದನ್ನು ಹೇಳಲು ನಾನು ಸಾಯಬೇಕಾಯಿತು.

"ಆ ಹೆಸರು ಕೆಳಗ ಹಾಕಿದ್ದು ನಾ ಅಲ್ಲೋ" ಎಂದಳು ಅಕ್ಕ, ನನ್ನ ತಲೆಯ ಮೇಲೆ ಕೈಯಿಟ್ಟು. "ನಾ ನೋಡೂದರಾಗ ಛಾಪಾ ಆಗಿತ್ತು. ಕೇಳಿದ್ರ ಹೇಳತಿದ್ದೆ."

ಕೇಳಿರಲಿಲ್ಲ.

ಹೊರಡುವಾಗ ಆ ಕಾರ್ಡು ವಾಪಸು ಕೊಡು, ಹರಿದು ಹಾಕುತ್ತೇನೆ ಎಂದೆ. ಅಕ್ಕ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

"ಇರಲಿ ಬಿಡೋ. ಎಂದರ ಒಂದಿನಾ ಬೇಕಾಕ್ಕೈತಿ. ವಾರ ಒಂದು ತಿದ್ದಿದ್ರ ಆತು."

ಈಗ ನನ್ನ ಹತ್ತಿರ ಇರುವುದು ಇಷ್ಟು: ಬಿಳಿ ಹಾಳೆ ಹದಿನಾಲ್ಕು. ಶಾಯಿ ಮುಕ್ಕಾಲು ಡಬ್ಬಿ. ಪಾಸ್‌ಪೋರ್ಟ್ ಫೋಟೋ ಮೂರು. ತೊಳೆದರೂ ಹೋಗದ ಕಪ್ಪು ಬೆರಳು ಆರು. ಮುನವಳ್ಳಿಯಿಂದ ಬಂದ ಪಟಗಾ ಒಂದು. ಮಾತಾಡುವ ಅಕ್ಕ ಒಬ್ಬಳು. ಅವಳ ಫೋನು ಬಂದರೆ ಈಗ ಅರ್ಧ ರಿಂಗಿಗೇ ಎತ್ತುತ್ತೇನೆ. ಅರಿಷಿಣದ ಬಟ್ಟಲು ಒಂದು, ಅದನ್ನು ಶಾಂತವ್ವ ನನ್ನ ಕಣ್ಣಿಗೆ ಬೀಳುವಂತೆಯೇ ಇಟ್ಟಿದ್ದಾಳೆ.